ಯಾರು ಕೂತರೆ ಪಂಚಾಯ್ತಿ, ಯಾರು ಕೂತರೆ ಪಿತೂರಿ?

ನಮ್ಮ ಕೇರಿಯ ಮಾರಿಗುಡಿ ಮುಂದೆ ಸಂಜೆ ಹೊತ್ತು ನಾಲ್ಕು ಜನ ಕೂತು ಮಾತಾಡಿದರೆ ಊರೊಳಗೆ 'ಏನೋ ಮಸಲತ್ತು ನಡೀತಿದೆ' ಅಂತಾರೆ. ಊರ ಮುಂದಿನ ಅರಳಿಕಟ್ಟೆ ಮೇಲೆ ಊರ ನಾಲ್ಕು ಜನ ಕೂತು ಅದೇ ಮಾತಾಡಿದರೆ ಅದಕ್ಕೆ 'ಪಂಚಾಯ್ತಿ' ಅಂತ ಹೆಸರು. ಮಾತು ಒಂದೇ, ಬೀಡಿ ಒಂದೇ, ಕತ್ತಲೂ ಒಂದೇ. ಕೂತ ಜಾಗ ಬೇರೆ, ಕೂತವರು ಬೇರೆ. ಹಾಗಾಗಿ ಪಿತೂರಿ ಅನ್ನೋ ಪದಕ್ಕೆ ಅರ್ಥ ಹುಡುಕೋಕೆ ನಾವು ಯಾವತ್ತೂ ನಿಘಂಟು ತೆಗೆದವರಲ್ಲ.

ಆದರೆ ಈ ಲೇಖನ ಬರೆಯೋಕೆ ಕೂತದ್ದು ನಮ್ಮೂರಿನ ಕತೆ ಹೇಳೋದಕ್ಕಲ್ಲ. ಅಮೆರಿಕದ ಒಂದು ಮೊಕದ್ದಮೆ ನಮ್ಮ ನಮ್ಮೊಳಗೇ ಜಗಳ ಹಚ್ಚಿತು. ಕೋವಿ ಹಿಡಿದು ಸರ್ಕಾರದ ಜಾಗಕ್ಕೆ ನುಗ್ಗಿದ ಬಿಳಿಯರು ಖುಲಾಸೆಯಾದರು. ನಮ್ಮಲ್ಲಿ ಅರ್ಧ ಜನ 'ಅವರನ್ನ ಒಳಗೆ ಹಾಕಬೇಕಿತ್ತು' ಅಂದರು. ಉಳಿದ ಅರ್ಧ ಜನ 'ಅವರನ್ನ ಒಳಗೆ ಹಾಕೋ ಕಾನೂನೇ ನಾಳೆ ನಮ್ಮ ಬಾಗಿಲಿಗೂ ಬರುತ್ತೆ' ಅಂದರು. ಎರಡೂ ಮಾತಿನಲ್ಲಿ ಹುರುಳಿತ್ತು. ಆ ಜಗಳದ ಲೆಕ್ಕ ಒಪ್ಪಿಸೋ ಪ್ರಯತ್ನ ಇದು.

ಮೊದಲು ನಡೆದದ್ದೇನು ನೋಡೋಣ. ಅಮೆರಿಕದ ಒರೆಗಾನ್ ರಾಜ್ಯದ ಹಾರ್ನಿ ಕೌಂಟಿಯಲ್ಲಿ ಮಲ್ಹ್ಯೂರ್ ಅಂತ ಒಂದು ಪಕ್ಷಿಧಾಮ. 1908ರಲ್ಲಿ ಆದದ್ದು. ಒಕ್ಕೂಟ ಸರ್ಕಾರದ, ಅಂದರೆ ಅವರು 'ಫೆಡರಲ್' ಅನ್ನುವ ಸರ್ಕಾರದ ಆಸ್ತಿ. 2016ರ ಜನವರಿ 2ರಂದು ಆಮನ್ ಬಂಡಿ ಅನ್ನೋನ ಮುಂದಾಳತನದಲ್ಲಿ ಒಂದು ಗುಂಪು ಕೋವಿ ಹಿಡಿದು ಅದರ ಕಚೇರಿಗೆ ನುಗ್ಗಿತು. ಸರ್ಕಾರಿ ಜಮೀನಿಗೆ ಬೆಂಕಿ ಹಚ್ಚಿದ ಆರೋಪದಲ್ಲಿ ಶಿಕ್ಷೆಯಾಗಿದ್ದ ಅಪ್ಪ-ಮಗ ಇಬ್ಬರು ದನದ ಸಾಹುಕಾರರನ್ನ ಮತ್ತೆ ಜೈಲಿಗೆ ಕಳಿಸಿದ್ದು ಅವರ ಸಿಟ್ಟಿಗೆ ಕಾರಣ. ಈ ಭೂಮಿ ಸರ್ಕಾರದ್ದಲ್ಲ, ಜನರದ್ದು, ಅದನ್ನ ಸಾಹುಕಾರರಿಗೂ ಗಣಿಯವರಿಗೂ ಮರ ಕಡಿಯೋರಿಗೂ ಬಿಟ್ಟುಕೊಡಿ ಅನ್ನೋದು ಅವರ ಬೇಡಿಕೆ. 41 ದಿನ ಅಲ್ಲೇ ಠಿಕಾಣಿ. ಜನವರಿ 26ರಂದು ಅವರಲ್ಲೊಬ್ಬ ಹೆದ್ದಾರಿಯಲ್ಲಿ ಪೊಲೀಸರ ಗುಂಡಿಗೆ ಸತ್ತ. ಫೆಬ್ರವರಿ 11ಕ್ಕೆ ಕೊನೆಯವರೂ ಶರಣಾದರು.

'ಈ ಭೂಮಿ ಜನರದ್ದು' ಅಂದರಲ್ಲ, ಯಾವ ಜನರದ್ದು? ಆ ನೆಲ ಪೈಯೂಟ್ ಅನ್ನೋ ಆದಿವಾಸಿಗಳದ್ದು. 1872ರಲ್ಲಿ ಸರ್ಕಾರವೇ ಅವರಿಗೆ ಅಂತ ಅಲ್ಲಿ ಒಂದು ಮೀಸಲು ನೆಲ ಗೊತ್ತು ಮಾಡಿತ್ತು. 1878ರ ಬ್ಯಾನಕ್ ಯುದ್ಧದ ನೆಪ ಸಿಕ್ಕಿದ್ದೇ ತಡ, ಮರುವರ್ಷದ ಚಳಿಗಾಲದ ಹಿಮದಲ್ಲಿ ಹೆಂಗಸರು ಮಕ್ಕಳು ಅನ್ನದೆ ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೇರೆಯವರ ಮೀಸಲಿಗೆ ದಬ್ಬಿದರು. ಭೂಮಿ ಸಾಹುಕಾರರ ಪಾಲಾಯಿತು. 2016ರಲ್ಲಿ ಆ ಪೈಯೂಟರ ಮುಖ್ಯಸ್ಥೆ ಎದ್ದು ನಿಂತು, ಇದು ನಮ್ಮ ಹಿರೀಕರ ನೆಲ, ಇವರು ಯಾರಿಗೆ ಏನನ್ನ ವಾಪಸು ಕೊಡಿಸೋಕೆ ಬಂದಿದಾರೆ ಅಂತ ಕೇಳಿದಳು. ಕೋವಿ ಇದ್ದವರ ಮಾತು ಕೇಳಿಸಿಕೊಂಡ ಲೋಕ ಆಕೆಯ ಮಾತಿಗೆ ಅಷ್ಟು ಕಿವಿಗೊಡಲಿಲ್ಲ.

ಇನ್ನು ಕೋರ್ಟಿನ ಮಾತು. 26 ಜನರ ಮೇಲೆ ಪಿತೂರಿ ಆರೋಪ. 1861ರಲ್ಲಿ, ಅವರ ಅಂತರ್ಯುದ್ಧದ ಕಾಲದಲ್ಲಿ ಮಾಡಿದ ಕಾನೂನು ಅದು. ಒಕ್ಕೂಟ ಸರ್ಕಾರದ ನೌಕರರು ತಮ್ಮ ಕೆಲಸ ಮಾಡದ ಹಾಗೆ ಬಲದಿಂದಲೋ ಹೆದರಿಕೆಯಿಂದಲೋ ಬೆದರಿಕೆಯಿಂದಲೋ ತಡೆಯೋಣ ಅಂತ ಇಬ್ಬರೋ ಹೆಚ್ಚು ಜನವೋ ಒಪ್ಪಿಕೊಂಡರೆ ಅದು ಅಪರಾಧ, ಆರು ವರ್ಷದವರೆಗೆ ಶಿಕ್ಷೆ. ಇದರ ಜೊತೆಗೆ ಆಯುಧದ ಆರೋಪ ಎರಡು ಬಗೆಯದು. ಒಂದು, ಅಪರಾಧಕ್ಕೆ ಬಳಸೋ ಉದ್ದೇಶದಿಂದ ಸರ್ಕಾರಿ ಕಟ್ಟಡದೊಳಗೆ ಕೋವಿ ಇಟ್ಟುಕೊಂಡದ್ದು. ಇನ್ನೊಂದು, 'ಹಿಂಸೆಯ ಅಪರಾಧ'ದಲ್ಲಿ ಕೋವಿ ಬಳಸಿದ್ದು. ಈ ಎರಡನೆಯದು ಭಾರಿ. ಇದರ ಶಿಕ್ಷೆ ಉಳಿದದ್ದರ ಮೇಲೆ ಹೇರಿದ ಹಾಗೆ ಬೇರೆಯಾಗಿ ಬೀಳುತ್ತೆ.

ವಕೀಲರ ಜಗಳ ಶುರುವಾದದ್ದೇ ಇಲ್ಲಿ. ಪಿತೂರಿ ಅನ್ನೋದು 'ಹಿಂಸೆಯ ಅಪರಾಧ' ಹೌದೋ ಅಲ್ಲವೋ? ಆರೋಪಿಗಳ ವಕೀಲರು ಹೇಳಿದ್ದು ಇಷ್ಟು: ಹೆದರಿಸಿ ತಡೆದರೂ ಈ ಕಾನೂನು ಮುರಿದಂತಾಗುತ್ತೆ, ಹೆದರಿಸೋಕೆ ಮೈಮೇಲಿನ ಬಲಪ್ರಯೋಗ ಬೇಕೇ ಬೇಕು ಅಂತಿಲ್ಲ, ಆದ್ದರಿಂದ ಇದು ಹಿಂಸೆಯ ಅಪರಾಧ ಅನ್ನಿಸಿಕೊಳ್ಳದು. ನ್ಯಾಯಾಧೀಶೆ ಆನಾ ಬ್ರೌನ್ ಒಪ್ಪಿದರು. ಭಾರಿ ಆರೋಪ ವಿಚಾರಣೆಗೆ ಮುಂಚೆಯೇ ಬಿದ್ದುಹೋಯಿತು. ಉಳಿದದ್ದು ಕಟ್ಟಡದೊಳಗಿನ ಕೋವಿಯ ಆರೋಪ. ಅದೂ ಒಂಟಿಯಾಗಿ ನಿಲ್ಲುವಂಥದ್ದಲ್ಲ. ಯಾವ ಅಪರಾಧಕ್ಕೆ ಬಳಸೋ ಉದ್ದೇಶ? ಪಿತೂರಿಯ ಅಪರಾಧಕ್ಕೆ. ಪಿತೂರಿ ರುಜುವಾತಾದರೆ ಕೋವಿ ತಪ್ಪು, ಆಗದಿದ್ದರೆ ಕೋವಿ ಬರೀ ಕೋವಿ. ಎತ್ತು ಸತ್ತರೆ ನೊಗವೂ ಮೂಲೆಗೆ, ಅಷ್ಟೆ.

ಪೋರ್ಟ್‌ಲ್ಯಾಂಡ್ ಊರಿನ ಫೆಡರಲ್ ಕೋರ್ಟಿನಲ್ಲಿ ಏಳು ಜನರ ವಿಚಾರಣೆ 2016ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಸರ್ಕಾರದ ಕಡೆಯವರು ಕೋವಿಗಳನ್ನ ತಂದು ಪಂಚರ ಮುಂದೆ ಸಾಲಾಗಿ ತೋರಿಸಿದರು. 16 ಸಾವಿರಕ್ಕೂ ಮಿಕ್ಕಿ ಗುಂಡುಗಳ ಲೆಕ್ಕ ಕೊಟ್ಟರು. ಆರೋಪಿಗಳು ಹೇಳಿದರು: 'ನಾವು ಬಂದದ್ದು ನೌಕರರನ್ನ ತಡೆಯೋಕಲ್ಲ. ಜಾಗದಲ್ಲಿ ಕೂತು ಅದು ನಮ್ಮದು ಅಂತ ಹಕ್ಕು ಸಾಧಿಸೋಕೆ. ಕೋವಿ ನಮ್ಮ ಸಂವಿಧಾನ ಕೊಟ್ಟ ಹಕ್ಕು.' ಅದರ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ಆ ಗುಂಪಿನೊಳಗೇ ಪೊಲೀಸರ ಬೇಹಿನವರು ಒಂಬತ್ತು ಜನ ಬಂದು ಹೋಗಿದ್ದರು. ಅವರಲ್ಲೊಬ್ಬ ಅಲ್ಲಿದ್ದವರಿಗೆ ಕೋವಿ ಹಿಡಿಯೋ ತರಬೇತಿಯನ್ನೇ ನಡೆಸಿದ್ದ! ಸಂಚು ಮಾಡಿದವರು ಯಾರು, ಸಂಚು ಕಲಿಸಿದವರು ಯಾರು ಅನ್ನೋದೇ ಗೋಜಲಾಯಿತು.

ಅಕ್ಟೋಬರ್ 27ಕ್ಕೆ ತೀರ್ಪು. ಪಿತೂರಿಯ ಆರೋಪದಿಂದಲೂ ಆಯುಧದ ಆರೋಪದಿಂದಲೂ ಏಳೂ ಜನ ಖುಲಾಸೆ. ಆಮೇಲೆ ಪಂಚರಲ್ಲೊಬ್ಬ ಪತ್ರಿಕೆಗೆ ಬರೆದು ತಿಳಿಸಿದ: ನಾವು ಅವರು ಮಾಡಿದ್ದನ್ನ ಮೆಚ್ಚಿ ಬಿಟ್ಟದ್ದಲ್ಲ, ಹಾಗೆ ಒಪ್ಪಂದ ಆಗಿತ್ತು ಅನ್ನೋದನ್ನ ಸರ್ಕಾರ ರುಜುವಾತು ಮಾಡಲಿಲ್ಲ, ಬೇರೆ ಯಾವ ಆರೋಪವೂ ಹೊಳೆಯದೆ ಇದನ್ನೇ ಹಿಡಿದದ್ದು ನಮಗೇ ಆಶ್ಚರ್ಯ ಅಂತ. ಮುಂದಿನ ವರ್ಷ ಮಾರ್ಚಿನಲ್ಲಿ ಬೇರೆ ಪಂಚರ ಮುಂದೆ ಇನ್ನೂ ನಾಲ್ವರ ವಿಚಾರಣೆ ನಡೆದು, ಅವರಲ್ಲಿ ಇಬ್ಬರಿಗೆ ಅದೇ ಪಿತೂರಿ ಅಂಟಿಕೊಂಡಿತು. ನೋಡಿ ಇದರ ಚೆಂದ! ಮುಂದಾಳು ಪಿತೂರಿ ಮಾಡಿಲ್ಲ, ಹಿಂದೆ ಬಂದವನು ಮಾಡಿದಾನೆ. ಪಿತೂರಿ ಕಾನೂನಿನ ಸ್ವಭಾವವೇ ಇದು. ಹಿಡಿದರೆ ಹಾವು, ಬಿಟ್ಟರೆ ಹಗ್ಗ.

ಈಗ ಅದೇ ದಿನ, 2016ರ ಅಕ್ಟೋಬರ್ 27ರಂದೇ, ಅದೇ ದೇಶದ ಇನ್ನೊಂದು ಕಡೆ ಏನಾಯಿತು ಅನ್ನೋದನ್ನೂ ಕೇಳಿ. ನಾರ್ತ್ ಡಕೋಟ ರಾಜ್ಯದ ಸ್ಟ್ಯಾಂಡಿಂಗ್ ರಾಕ್ ಅನ್ನೋ ಕಡೆ ಎಣ್ಣೆ ಕೊಳವೆಯೊಂದು ತಮ್ಮ ಕುಡಿಯೋ ನೀರಿನ ಹತ್ತಿರ ಹಾದುಹೋಗೋದು ಬೇಡ ಅಂತ ಆದಿವಾಸಿಗಳು ಕೊಳವೆಯ ದಾರಿಯಲ್ಲೇ ಡೇರೆ ಹಾಕಿದ್ದರು. 1851ರ ಒಪ್ಪಂದದ ಪ್ರಕಾರ ಈ ನೆಲ ನಮ್ಮದು ಅನ್ನೋದು ಅವರ ವಾದ. ಪೋರ್ಟ್‌ಲ್ಯಾಂಡಿನಲ್ಲಿ ಕೋವಿಯವರು ಕೋರ್ಟಿನಿಂದ ಗೆದ್ದು ಹೊರಬಂದ ದಿನವೇ ಇಲ್ಲಿ ಕವಚದ ಗಾಡಿ, ಖಾರದ ಪಿಚಕಾರಿ ಹಿಡಿದ ಪೊಲೀಸರು ಡೇರೆ ಕಿತ್ತು 140ಕ್ಕೂ ಹೆಚ್ಚು ಜನರನ್ನ ಹಿಡಿದರು.

ಆ ದಿನ ಸೆರೆಸಿಕ್ಕವರಲ್ಲಿ ಒಬ್ಬಳು ಓಗ್ಲಾಲ ಲಕೋಟ ಹೆಣ್ಣುಮಗಳು. ಪೊಲೀಸರು ಆಕೆಯನ್ನ ನೆಲಕ್ಕೆ ಕೆಡವಿ ಅಮುಕಿ ಹಿಡಿದಿದ್ದಾಗ ಕೈಕೋವಿಯಿಂದ ಗುಂಡು ಹಾರಿತು ಅಂತ ಆರೋಪ. ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ಗೊತ್ತಾದದ್ದು, ಆ ಕೈಕೋವಿ ಆಕೆಯದಲ್ಲ. ಪ್ರೀತಿಯ ಸಂಬಂಧ ಬೆಳೆಸಿ ಆಕೆಯ ಜೊತೆಗಿದ್ದ ಒಬ್ಬನದು. ಅವನು ಎಫ್.ಬಿ.ಐ.ಯಿಂದ ದುಡ್ಡು ತಗೊಳ್ಳುತ್ತಿದ್ದ ಬೇಹಿನವನು! ಒರೆಗಾನಿನಲ್ಲಿ ಬಿದ್ದುಹೋದ 'ಹಿಂಸೆಯ ಅಪರಾಧದಲ್ಲಿ ಕೋವಿ' ಅನ್ನೋ ಆ ಭಾರಿ ಆರೋಪ ಈಕೆಯ ತಲೆಮೇಲೆ ಕಡೇವರೆಗೂ ತೂಗಾಡಿತು. ರುಜುವಾತಾದರೆ ಕಡಿಮೆ ಅಂದರೂ ಹತ್ತು ವರ್ಷ. ಆ ಭಯದ ಕೆಳಗೆ ಆಕೆ ಬೇರೆ ಎರಡು ಆರೋಪಗಳನ್ನ ಒಪ್ಪಿಕೊಂಡಳು. 2018ರಲ್ಲಿ 57 ತಿಂಗಳ ಶಿಕ್ಷೆಯಾಯಿತು.

ವ್ಯತ್ಯಾಸ ಇಲ್ಲ ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಗುಂಡು ಹಾರಿಸಿದ ಆರೋಪ ಇತ್ತು, ಆಕೆಯ ಮೇಲೆ ಹಳೆಯ ಶಿಕ್ಷೆಯೊಂದೂ ಇತ್ತು. ಕಾನೂನು ಓದಿದವರು ಈ ಎರಡು ಕಾರಣ ಕೊಟ್ಟು ಎರಡು ಪ್ರಕರಣಗಳನ್ನ ಬೇರೆ ಬೇರೆ ಕಡತದಲ್ಲಿಟ್ಟು ಕಟ್ಟಿಬಿಡಬಹುದು. ಆದರೆ ಒಂದು ಮಾತಿಗೆ ಅವರು ಉತ್ತರ ಕೊಡಬೇಕು. ಎರಡು ಕಡೆಯೂ ಸರ್ಕಾರದ ಬೇಹಿನವರಿದ್ದರು. ಒಂದು ಕಡೆ ಅವರು ಇದ್ದದ್ದು ಆರೋಪಿಗೆ ಅನುಮಾನದ ಲಾಭವಾಯಿತು. ಇನ್ನೊಂದು ಕಡೆ ಬೇಹಿನವನ ಕೋವಿಯೇ ಆಕೆಗೆ ಸಂಕೋಲೆಯಾಯಿತು. ಅನುಮಾನದ ಲಾಭ ಅನ್ನೋದು ಕೂಡ ಆಸ್ತಿಯ ಹಾಗೆ ವಂಶದಿಂದ ಬರೋದೇ?

ಬರುತ್ತೆ ಅನ್ನೋದಕ್ಕೆ ಆ ದೇಶದ ಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷಿಗಳಿವೆ. 1857ರಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕರಿಯರು ಪ್ರಜೆಗಳಲ್ಲ ಅಂದಾಗ ಮುಖ್ಯ ನ್ಯಾಯಮೂರ್ತಿ ಕೊಟ್ಟ ಕಾರಣಗಳಲ್ಲಿ ಒಂದು ಇದು: ಪ್ರಜೆಗಳು ಅಂತ ಒಪ್ಪಿದರೆ ಅವರು ಎಲ್ಲಿ ಬೇಕಾದರೂ ಆಯುಧ ಹಿಡಿದು ಓಡಾಡಬಹುದಲ್ಲ! 1967ರಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಹುಡುಗರು ಕಾನೂನು ಒಪ್ಪಿದ ಹಾಗೇ ಕೋವಿಯನ್ನ ಎಲ್ಲರಿಗೂ ಕಾಣೋ ಹಾಗೆ ಹಿಡಿದು ಪೊಲೀಸರ ಹಿಂದೆ ಹಿಂದೆ ಓಡಾಡಿದರು, ಕರಿಯರನ್ನ ಹೊಡೆಯದ ಹಾಗೆ ಕಾವಲು ಕಾಯೋಕೆ. ಏನಾಯಿತು? ಶಾಸನಸಭೆ ಕಾನೂನನ್ನೇ ತಿದ್ದಿತು. ತುಂಬಿದ ಕೋವಿ ಹಿಡಿದು ಬೀದಿಗೆ ಬರೋದು ಅಪರಾಧ ಅಂತಾಯಿತು. ಅದಕ್ಕೆ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್.

ಎರಡು ವರ್ಷ ಕಳೆದ ಮೇಲೆ, 1969ರಲ್ಲಿ, ಶಿಕಾಗೋ ಫೆಡರಲ್ ಕೋರ್ಟಿನಲ್ಲಿ ಎಂಟು ಜನರ ಮೇಲೆ ಗಲಭೆಯ ಪಿತೂರಿ ಮೊಕದ್ದಮೆ ನಡೆಯಿತು. ಏಳು ಜನ ಬಿಳಿಯರು, ಒಬ್ಬ ಕರಿಯ. ಪ್ಯಾಂಥರ್ ಪಕ್ಷದ ಬಾಬಿ ಸೀಲ್. ಆತ ಆ ಊರಿಗೆ ಭಾಷಣಕ್ಕೆ ಅಂತ ಬಂದು ಹೋದವನು. ನನ್ನ ವಕೀಲ ಕಾಯಿಲೆ ಬಿದ್ದಿದಾನೆ, ಇಲ್ಲಾ ಕಾಯಿರಿ, ಇಲ್ಲಾ ನನ್ನ ವಾದ ನಾನೇ ಮಾಡುತೀನಿ ಅಂದ. ಅಷ್ಟಕ್ಕೇ ನ್ಯಾಯಾಧೀಶ ಜೂಲಿಯಸ್ ಹಾಫ್‌ಮನ್ ಅಕ್ಟೋಬರ್ 29ರಂದು ಅವನನ್ನ ಕುರ್ಚಿಗೆ ಕಟ್ಟಿಸಿ ಬಾಯಿಗೆ ಬಟ್ಟೆ ತುರುಕಿಸಿದ. ನ್ಯಾಯದ ಮನೆಯೊಳಗೇ! ಆಮೇಲೆ ಅವನನ್ನ ಮೊಕದ್ದಮೆಯಿಂದ ಬೇರೆ ಮಾಡಿ ನಿಂದನೆಗೆ ನಾಲ್ಕು ವರ್ಷ ಹಾಕಿದರು. ಆ ಶಿಕ್ಷೆ ಮುಂದೆ ನಿಲ್ಲಲಿಲ್ಲ. ಉಳಿದ ಏಳು ಜನರನ್ನೂ ಪಂಚರು 1970ರಲ್ಲಿ ಪಿತೂರಿಯಿಂದ ಬಿಟ್ಟರು. ಇದೇ ಪ್ಯಾಂಥರ್ ಹೆಸರನ್ನ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಎತ್ತಿಕೊಂಡು ದಲಿತ ಪ್ಯಾಂಥರ್ ಕಟ್ಟಿದರು. ಕಟ್ಟಿದ ಬಾಯಿಯ ಆ ಚಿತ್ರ ನಮಗೆ ದೂರದ್ದಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮೊದಲ ಗುಂಪಿನ ಸಿಟ್ಟು ಅರ್ಥವಾಗುತ್ತೆ. 'ಕರಿಯನ ಬಾಯಿ ಕಟ್ಟಿದ ಕಾನೂನಿಗೆ ಬಿಳಿಯ ಸಾಹುಕಾರನ ಕೈ ಕಟ್ಟೋಕೆ ಯಾಕೆ ಬಲ ಸಾಲದು? ಅವನಿಗೂ ಕಟ್ಟಲಿ' ಅಂತಾರೆ. ಇದು ನ್ಯಾಯದ ಮಾತಿನ ಹಾಗೇ ಕೇಳಿಸುತ್ತೆ. ಸಮಾನತೆ ಅಲ್ಲವೆ ಇದು?

ಇಲ್ಲೇ ನಾವು ಸ್ವಲ್ಪ ತಡೆದು ಯೋಚನೆ ಮಾಡಬೇಕು ಗೆಳೆಯರೆ. ಪಿತೂರಿ ಕಾನೂನು ಶಿಕ್ಷಿಸೋದು ಮಾಡಿದ್ದನ್ನಲ್ಲ, ಒಪ್ಪಿಕೊಂಡದ್ದನ್ನ. ಒಪ್ಪಿಗೆ ಇರೋದು ಮನಸ್ಸಿನಲ್ಲಿ. ಮನಸ್ಸಿಗೆ ಪಂಚನಾಮೆ ಇಲ್ಲ. ಹಾಗಾಗಿ ಯಾರ ಜೊತೆ ಕೂತಿದ್ದ, ಯಾರ ಕಾಗದ ಬಂತು, ಯಾವ ಪುಸ್ತಕ ಮನೆಯಲ್ಲಿತ್ತು ಅನ್ನೋದೇ ಸಾಕ್ಷಿ ಆಗುತ್ತೆ. 1946ರಲ್ಲಿ ಪಿಂಕರ್ಟನ್ ಅನ್ನೋ ಅಣ್ಣತಮ್ಮಂದಿರ ಮೊಕದ್ದಮೆ ನಡೆಯಿತು. ಹೆಂಡದ ಸುಂಕ ತಪ್ಪಿಸಿದ ಆರೋಪ. ಒಬ್ಬ ಜೈಲಿನಲ್ಲಿದ್ದಾಗ ಇನ್ನೊಬ್ಬ ಹೊರಗೆ ಮಾಡಿದ ಕೆಲಸಕ್ಕೂ ಒಳಗಿದ್ದವನೇ ಹೊಣೆ ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು, ಸಂಚಿನಲ್ಲಿ ಇದ್ದೆಯಲ್ಲ ಸಾಕು ಅಂತ. ಮೂರು ವರ್ಷದ ಮೇಲೆ ಅದೇ ಕೋರ್ಟಿನ ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್, ಈ ಅಪರಾಧಕ್ಕೆ ಅಂಚಿಲ್ಲ ಸೆರಗಿಲ್ಲ, ಎಳೆದಷ್ಟೂ ಹಿಗ್ಗುತ್ತೆ ಅನ್ನೋ ಅರ್ಥದಲ್ಲಿ ಎಚ್ಚರಿಕೆ ಬರೆದರು. ನ್ಯೂರೆಂಬರ್ಗಿನಲ್ಲಿ ನಾಜಿಗಳ ಮೇಲೆ ಇದೇ ಪಿತೂರಿ ಆರೋಪ ಹೊರಿಸಿ ವಾದಿಸಿದ ಅದೇ ಜ್ಯಾಕ್ಸನ್!

ಎಳೆದಷ್ಟೂ ಹಿಗ್ಗೋ ಹಗ್ಗವನ್ನ ಎಳೆಯೋ ಕೈ ಯಾವುದು? ಅದೇ ಪ್ರಶ್ನೆ. ಹಗ್ಗ ಎಷ್ಟೇ ಬಿಗಿಯಾದರೂ ಅದು ಉಳ್ಳವರ ಕೊರಳಿಗೆ ಸಡಿಲವಾಗೇ ಇರುತ್ತೆ. ಇವತ್ತು ಬಂಡಿಯನ್ನ ಕಟ್ಟೋಕೆ ಅಂತ ಬಿಗಿ ಮಾಡಿದರೆ ನಾಳೆ ಅದೇ ಬಿಗಿ ಬೀಳೋದು ಆ ಓಗ್ಲಾಲ ಹೆಣ್ಣುಮಗಳಂಥವರ ಮೇಲೆ. ವೂಂಡೆಡ್ ನೀ ಊರನ್ನ 1973ರಲ್ಲಿ 71 ದಿನ ಹಿಡಿದು ಕೂತ ಆದಿವಾಸಿಗಳ ಮುಂದಾಳುಗಳು ರಸೆಲ್ ಮೀನ್ಸ್, ಡೆನಿಸ್ ಬ್ಯಾಂಕ್ಸ್. ಅವರ ಮೇಲೂ ಪಿತೂರಿ ಹೊರಿಸಿದ್ದರು. 1974ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಫ್ರೆಡ್ ನಿಕಲ್ ಸರ್ಕಾರವೇ ಅನ್ಯಾಯದ ದಾರಿ ಹಿಡಿದಿದೆ ಅಂತ ಮೊಕದ್ದಮೆ ಕಿತ್ತು ಬಿಸಾಕಿದರು. ಬ್ಯಾಂಕ್ಸರ ಪಕ್ಕದಲ್ಲೇ ಇದ್ದ ನಂಬಿಕೆಯ ಮನುಷ್ಯ ಎಫ್.ಬಿ.ಐ. ಬೇಹಿನವನು ಅಂತ 1975ರಲ್ಲಿ ಬಯಲಾಯಿತು. ಸರ್ಕಾರ ರುಜುವಾತು ಮಾಡಲಿ, ಮೋಸ ಮಾಡಿದರೆ ಮೊಕದ್ದಮೆ ಬೀಳಲಿ ಅನ್ನೋ ಕಟ್ಟಳೆ ಅಂದು ಉಳಿಸಿದ್ದು ನೆಲ ಕಳಕೊಂಡವರನ್ನ. ಅದೇ ಕಟ್ಟಳೆ 2018ರ ಜನವರಿಯಲ್ಲಿ ನೆವಾಡದ ಇನ್ನೊಂದು ಮೊಕದ್ದಮೆಯಲ್ಲಿ, ಸರ್ಕಾರ ಸಾಕ್ಷ್ಯ ಮುಚ್ಚಿಟ್ಟಿತ್ತು ಅಂತ, ಇದೇ ಬಂಡಿ ಮತ್ತವನ ಅಪ್ಪನನ್ನೂ ಉಳಿಸಿತು. ಶತ್ರುವಿನ ಮನೆಯ ದೀಪ ಆರಿಸೋಕೆ ಹೋಗಿ ಬೀದಿ ದೀಪ ಒಡೆದರೆ ಕತ್ತಲಾಗೋದು ನಮ್ಮ ದಾರಿಗೇ.

ಹಾಗಾದರೆ ಎರಡನೆಯ ಗುಂಪು ಗೆದ್ದಿತೆ? ಇಲ್ಲ. ಅವರಿಗೂ ಒಂದು ಮಾತಿದೆ. 'ಕೋವಿ ಸುಮ್ಮನೆ ಇತ್ತು, ಅದು ಯಾರಿಗೂ ಏನೂ ಹೇಳಲಿಲ್ಲ' ಅಂತ ವಾದ ಮಾಡಿದರಲ್ಲ, ಅದನ್ನ ಬೇರೆ ಯಾರು ಬೇಕಾದರೂ ನಂಬಬಹುದು, ನಾವು ನಂಬೋಕಾಗಲ್ಲ. ಗೌಡರು ಹೆಗಲ ಮೇಲೆ ದೊಣ್ಣೆ ಇಟ್ಟುಕೊಂಡು ಕೇರಿ ಮುಂದೆ ಸುಮ್ಮನೆ ಒಂದು ಸಲ ನಡಕೊಂಡು ಹೋದರೆ ಸಾಕು, ಮರುದಿನ ಕೂಲಿ ಜಾಸ್ತಿ ಕೇಳೋ ಬಾಯಿ ಇರಲ್ಲ. ಏನೂ ಅನ್ನದೆಯೇ ಎಲ್ಲಾ ಅಂದಂಗಾಯ್ತು. ಮಲ್ಹ್ಯೂರ್ ಕಚೇರಿಯ ನೌಕರರು 41 ದಿನ ಕೆಲಸಕ್ಕೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ? ರಜೆ ಬೇಕಿತ್ತೇ? ಆಯುಧ ಅನ್ನೋದು ಮಾತಾಡದೆ ಮಾತಾಡೋ ವಸ್ತು. ಆ ಮಾತು ಕೇಳಿಸೋದು ಎದುರಿಗೆ ನಿಂತ ನಿರಾಯುಧನಿಗೆ ಮಾತ್ರ. ನ್ಯಾಯದ ಕುರ್ಚಿಯಲ್ಲಿ ಕೂತವರಿಗೆ ಅದು ಕೇಳಿಸದಿದ್ದರೆ ಆ ನ್ಯಾಯಕ್ಕೆ ಕಿವುಡು ಅಂತಲೇ ಹೇಳಬೇಕು.

ಎರಡನ್ನೂ ಕೂಡಿಸಿ ನಾವು ಬಂದು ನಿಂತ ಜಾಗ ಇದು. ಭಯ ಹುಟ್ಟಿಸಿದ್ದು ಅಪರಾಧವಾದರೆ ಆ ಭಯವನ್ನೇ ವಿಚಾರಣೆ ಮಾಡಿ. ಯಾರು, ಯಾವ ದಿನ, ಯಾವ ಆಯುಧ ಹಿಡಿದು, ಯಾರ ದಾರಿಗೆ ಅಡ್ಡ ನಿಂತರು ಅನ್ನೋದನ್ನ ಒಬ್ಬೊಬ್ಬರ ಹೆಸರಿಗೆ ರುಜುವಾತು ಮಾಡಿ. ಹೆದರಿದವರನ್ನ ಕರೆದು ಕೇಳಿ, ನೆಲ ಕಳಕೊಂಡ ಪೈಯೂಟರನ್ನೂ ಕರೆದು ಕೇಳಿ. ಮಾಡಿದ್ದಕ್ಕೆ ಮಾಡಿದಷ್ಟು ಶಿಕ್ಷೆಯಾಗಲಿ. ಎರಡನೆಯ ಗುಂಪಿನ ನಾಲ್ವರ ಮೇಲೆ ಅಕ್ರಮ ಪ್ರವೇಶದಂಥ ಸಣ್ಣ ಆರೋಪಗಳನ್ನ ಹೊರಿಸಿದಾಗ ಅವು ರುಜುವಾತಾದವು. ಸಣ್ಣ ಸತ್ಯ ನಿಂತಿತು, ದೊಡ್ಡ ಸಂಚಿನ ಕತೆ ನಾಲ್ವರಲ್ಲಿ ಇಬ್ಬರಿಗೆ ಅಂಟಿ ಇಬ್ಬರಿಗೆ ಅಂಟದೆ ಹೋಯಿತು. ಆದರೆ ಮನಸ್ಸಿನೊಳಗೆ ಕೈಹಾಕಿ ಒಪ್ಪಿಗೆ ಹೆಕ್ಕಿ ತೆಗೆಯೋ ಅಧಿಕಾರವನ್ನ ಯಾವ ಪ್ರಭುತ್ವಕ್ಕೂ ಕೊಡೋಕಾಗಲ್ಲ, ಶತ್ರುವಿನ ಮೇಲೆ ಬಳಸುತೀನಿ ಅಂದರೂ.

ನಮ್ಮ ದೇಶದಲ್ಲೂ ಈ ಲೆಕ್ಕ ಬೇರೆಯಲ್ಲ. 1878ರ ಆಯುಧ ಕಾಯಿದೆ ಮಾಡಿದ ಬ್ರಿಟಿಷರು ನಾವು ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕು ಅಂದರು, ತಮ್ಮ ಬಿಳಿಯರಿಗೆ ವಿನಾಯಿತಿ ಕೊಟ್ಟುಕೊಂಡರು. ಪಿತೂರಿಯ 120-ಬಿ ಕಲಮನ್ನ 1913ರಲ್ಲಿ ದಂಡಸಂಹಿತೆಗೆ ಸೇರಿಸಿದರು. ಬ್ರಿಟಿಷರು ಹೋದರು, ಕಲಮು ಉಳಿಯಿತು. 2024ರ ಜುಲೈ 1ರಿಂದ ಅದು ಹೊಸ ಸಂಹಿತೆಯಲ್ಲಿ 61ನೇ ಕಲಮಾಗಿ ಕೂತಿದೆ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2018ರಿಂದಾಚೆಗೆ ಹಿಡಿದವರ ಮೇಲೆ ಹೊರಿಸಿದ್ದೂ ಪಿತೂರಿಯನ್ನೇ. ಆನಂದ ತೇಲ್ತುಂಬ್ಡೆ ಶರಣಾಗಿದ್ದು 2020ರ ಏಪ್ರಿಲ್ 14ರಂದು, ಬಾಬಾಸಾಹೇಬರ ಹುಟ್ಟಿದ ದಿನ. 84 ವರ್ಷದ ಸ್ಟ್ಯಾನ್ ಸ್ವಾಮಿ ವಿಚಾರಣೆಯೇ ಶುರುವಾಗದೆ 2021ರ ಜುಲೈ 5ರಂದು ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಪಿತೂರಿ ಮೊಕದ್ದಮೆಗೆ ತೀರ್ಪಿನ ಅಗತ್ಯವೇ ಇಲ್ಲ. ಕಾಯಿಸೋದೇ ಅದರ ಶಿಕ್ಷೆ.

ಆದ್ದರಿಂದ ಪೋರ್ಟ್‌ಲ್ಯಾಂಡಿನ ತೀರ್ಪಿಗೆ ನಾವು ಚಪ್ಪಾಳೆ ತಟ್ಟಲ್ಲ. ಅದನ್ನ ಹರಿದು ಹಾಕಿ ಅಂತಲೂ ಕೇಳಲ್ಲ. ನಮ್ಮ ಬೇಡಿಕೆ ಒಂದೇ. ಕೋವಿ ಹಿಡಿದ ಆ ಏಳು ಜನರಿಗೆ ಹನ್ನೆರಡು ಪಂಚರು ಕೂತು ಯೋಚಿಸಿ ಕೊಟ್ಟರಲ್ಲ ಆ ಅನುಮಾನ, ಅದನ್ನೇ ಬರಿಗೈಲಿ ಡೇರೆ ಹಾಕಿದವರಿಗೂ ಕೊಡಿ. ಬಾಯಿ ಕಟ್ಟಿಸಿಕೊಂಡವನಿಗೂ ಕೊಡಿ. ಮಾರಿಗುಡಿ ಮುಂದೆ ಕೂತ ನಮ್ಮ ನಾಲ್ಕು ಜನಕ್ಕೂ ಕೊಡಿ.

ಅಲ್ಲೀವರೆಗೆ ನಾವು ಅಲ್ಲಿ ಕೂರೋದನ್ನ ಬಿಡಲ್ಲ. ಮಾತಾಡೋದನ್ನೂ ಬಿಡಲ್ಲ. ಇದನ್ನ ಯಾರಾದರೂ ಪಿತೂರಿ ಅಂತ ಬರೆದುಕೊಳ್ಳೋದಾದರೆ ಬರೆದುಕೊಳ್ಳಲಿ.